ಮೈನ್‌ಫ್ರೇಮ್ ಡೇಟಾಸೆಟ್ ಎಷ್ಟು ಜಾಗ ಹಿಡಿದಿದೆ? ಕ್ಯಾಟಲಾಗ್ ಹಿಡಿದು ಲೆಕ್ಕ ತೆಗೆಯುವ ಸಮಗ್ರ ಮಾರ್ಗದರ್ಶಿ

ಬದಿಯಡ್ಕ, ಪೆರ್ಲ, ಮಂಜೇಶ್ವರ ಕಡೆಯ ಹುಡುಗ ಹುಡುಗಿಯರು ಓದು ಮುಗಿಸಿ ಮಂಗಳೂರಿಗೋ ಬೆಂಗಳೂರಿಗೋ ಹೋಗಿ ಐಟಿ ಕೆಲಸ ಹಿಡಿದಾಗ ಅವರಲ್ಲಿ ಕೆಲವರ ಪಾಲಿಗೆ ಮೈನ್‌ಫ್ರೇಮ್, ಅಂದರೆ ದೊಡ್ಡ ಸಂಸ್ಥೆಗಳ ಲೆಕ್ಕ ನಡೆಸುವ ದೊಡ್ಡ ಕಂಪ್ಯೂಟರ್, ಬರುತ್ತದೆ. ತರಬೇತಿಯಲ್ಲಿ ಪ್ರೋಗ್ರಾಮ್ ಬರೆಯುವ ಕೋಬಾಲ್ ಹೇಳಿಕೊಡುತ್ತಾರೆ, ಅದನ್ನು ಜಾಬ್ ಆಗಿ ಓಡಿಸುವ ಜೆಸಿಎಲ್ ಹೇಳಿಕೊಡುತ್ತಾರೆ. ಡಿಸ್ಕಿನ ಲೆಕ್ಕವನ್ನು ಯಾರೂ ಹೇಳಿಕೊಡುವುದಿಲ್ಲ. ಕೆಲಸಕ್ಕೆ ಸೇರಿ ಸ್ವಲ್ಪ ಸಮಯವಾದ ಮೇಲೆ ಮೇಲಿನವರಿಂದ ಒಂದು ಮೇಲ್ ಬರುತ್ತದೆ: ನಿಮ್ಮ ಅಪ್ಲಿಕೇಶನ್ ಎಷ್ಟು ಜಾಗ ಬಳಸುತ್ತಿದೆ, ಶುಕ್ರವಾರದೊಳಗೆ ತಿಳಿಸಿ. ಆಗ ನನಗೆ ಫೋನು. "ಅಣ್ಣಾ, ಲಿಸ್ಟ್‌ಕ್ಯಾಟ್ ಹಾಕಿದೆ. ಹೆಸರು ಬಂತು, ವಾಲ್ಯೂಮ್ ಬಂತು, ಸೈಜ್ ಮಾತ್ರ ಎಲ್ಲಿಯೂ ಇಲ್ಲ. ಕಮಾಂಡ್ ತಪ್ಪಾಯಿತೇ?"

ಕಮಾಂಡ್ ಸರಿಯಾಗಿಯೇ ಇರುತ್ತದೆ. ಡೇಟಾಸೆಟ್ ಎಂದರೆ ಮೈನ್‌ಫ್ರೇಮಿನ ಫೈಲ್, ವಾಲ್ಯೂಮ್ ಎಂದರೆ ಒಂದು ಡಿಸ್ಕ್, ಲಿಸ್ಟ್‌ಕ್ಯಾಟ್ ಎಂದರೆ ಕ್ಯಾಟಲಾಗಿನಲ್ಲಿರುವುದನ್ನು ಪಟ್ಟಿ ಮಾಡುವ ಕಮಾಂಡ್. ಕ್ಯಾಟಲಾಗ್ ಇರುವುದು ಡೇಟಾಸೆಟ್ ಎಲ್ಲಿದೆ ಎಂದು ಹೇಳುವುದಕ್ಕೆ. ಎಷ್ಟಿದೆ ಎಂಬ ಲೆಕ್ಕ ಬಹುಪಾಲು ಬೇರೆ ಕಡೆ ಇರುತ್ತದೆ. ನಮ್ಮ ವಿಲ್ಲೇಜ್ ಆಫೀಸಿನಲ್ಲಿ ತಂಡಪೇರು (ಭೂಮಾಲೀಕರ ವಹಿ) ತೆಗೆದರೆ ಯಾರ ಹೆಸರಿನಲ್ಲಿ ಯಾವ ಸರ್ವೆ ನಂಬ್ರ ಎಂದು ತಿಳಿಯುತ್ತದೆ, ಗಡಿ ಎಲ್ಲಿಂದ ಎಲ್ಲಿಗೆ ಎಂದು ನೋಡಲು ಸರ್ವೆಯ ನಕ್ಷೆಯೇ ಬೇಕು. ಇಲ್ಲಿಯೂ ವಹಿ ಒಂದು, ನಕ್ಷೆ ಇನ್ನೊಂದು. ಎರಡನ್ನೂ ಓದಿ ತಾಳೆ ಹಾಕುವ ಕ್ರಮವನ್ನು ಹಂತ ಹಂತವಾಗಿ ಬರೆಯುತ್ತೇನೆ. ಕಮಾಂಡುಗಳನ್ನೂ ಹೆಸರುಗಳನ್ನೂ ಓದುವಂತೆ ಕನ್ನಡದಲ್ಲಿಯೇ ಬರೆದಿದ್ದೇನೆ. ಪರದೆಯ ಮೇಲೆ ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ ಟೈಪ್ ಮಾಡಿಕೊಳ್ಳಿ. ಉದಾಹರಣೆಗಾಗಿ ಊರಿನ ಅಡಿಕೆ ಸೊಸೈಟಿಯೊಂದರ ಲೆಕ್ಕವೆಲ್ಲ ಮೈನ್‌ಫ್ರೇಮಿನಲ್ಲಿದೆ ಎಂದು ಕಲ್ಪಿಸಿಕೊಳ್ಳೋಣ. ಅದರ ಎಲ್ಲ ಡೇಟಾಸೆಟ್‌ಗಳ ಹೆಸರೂ 'ಅಡಿಕೆ' ಎಂದು ಶುರುವಾಗುತ್ತದೆ: ಅಡಿಕೆ.ಸದಸ್ಯ.ಮುಖ್ಯ, ಅಡಿಕೆ.ದಿನ.ವಹಿ, ಹೀಗೆ. ಹೆಸರಿನ ಒಂದೊಂದು ತುಂಡಿಗೆ 8 ಅಕ್ಷರ, ಚುಕ್ಕೆಗಳೂ ಸೇರಿ ಒಟ್ಟಿಗೆ 44 ಅಕ್ಷರ ಮಿತಿ ಎಂಬುದು ನೆನಪಿರಲಿ.

ಮೊದಲು ಪ್ರಶ್ನೆ ಯಾವುದೆಂದು ಗಟ್ಟಿ ಮಾಡಿಕೊಳ್ಳಿ

'ಎಷ್ಟು ಜಾಗ' ಎಂಬ ಪ್ರಶ್ನೆಗೆ ಮೂರು ಉತ್ತರಗಳಿವೆ. ಡೇಟಾಸೆಟ್‌ಗಾಗಿ ಡಿಸ್ಕಿನಲ್ಲಿ ಕಾದಿರಿಸಿದ ಜಾಗ ಒಂದು. ಅದರೊಳಗೆ ಇದುವರೆಗೆ ಬರೆದಿರುವ ಜಾಗ ಇನ್ನೊಂದು. ರೆಕಾರ್ಡುಗಳ ಸಂಖ್ಯೆಯನ್ನು ರೆಕಾರ್ಡಿನ ಉದ್ದದಿಂದ ಗುಣಿಸಿದಾಗ ಸಿಗುವ ನಿಜವಾದ ದತ್ತಾಂಶದ ಗಾತ್ರ ಮೂರನೆಯದು. ಪ್ರೋಗ್ರಾಮರ್ ಮೂರನೆಯದನ್ನು ಹೇಳುತ್ತಾನೆ, ಸ್ಟೋರೇಜ್ ತಂಡ ಮೊದಲನೆಯದನ್ನು ಕೇಳುತ್ತಿರುತ್ತದೆ, ಸಭೆ ಒಂದು ಗಂಟೆ ಹಾಳಾಗುತ್ತದೆ. ಬಿಲ್ ಹಾಕುವುದು, ಹೊಸ ಡಿಸ್ಕ್ ಕೊಳ್ಳುವುದು ಎಲ್ಲವೂ ಕಾದಿರಿಸಿದ ಜಾಗದ ಮೇಲೆಯೇ. ಬೇರೆಯವರು ಬಳಸಲಾಗದಂತೆ ಎಷ್ಟು ಹಿಡಿದಿಟ್ಟಿದ್ದೀರಿ ಎಂಬುದೇ ಅವರಿಗೆ ಮುಖ್ಯ. ಆದ್ದರಿಂದ ವರದಿಯಲ್ಲಿ ಅದನ್ನೇ ಮೊದಲ ಅಂಕಣದಲ್ಲಿ ಹಾಕಿ.

ಅಳತೆಯ ಏಕಮಾನವನ್ನೂ ಈಗಲೇ ತೀರ್ಮಾನಿಸಿ. ಡಿಸ್ಕ್ ಯಾವ ಕಂಪನಿಯದಾದರೂ ಮೈನ್‌ಫ್ರೇಮಿನ ಆಪರೇಟಿಂಗ್ ಸಿಸ್ಟಮ್ ಝಡ್‌ಓಎಸ್ ಅದನ್ನು 3390 ಎಂಬ ಮಾದರಿಯ ಡಿಸ್ಕ್ ಎಂದೇ ನೋಡುತ್ತದೆ. ಅದರ ಒಂದು ಟ್ರ್ಯಾಕಿನಲ್ಲಿ 56,664 ಬೈಟ್, 15 ಟ್ರ್ಯಾಕ್ ಸೇರಿ ಒಂದು ಸಿಲಿಂಡರ್, ಅಂದರೆ 8,49,960 ಬೈಟ್. 'ಮಾಡೆಲ್ 3' ವಾಲ್ಯೂಮಿನಲ್ಲಿ 3,339 ಸಿಲಿಂಡರ್, 'ಮಾಡೆಲ್ 9'ರಲ್ಲಿ 10,017. ಬೈಟ್, ಮೆಗಾಬೈಟ್‌ಗಳಿಗಿಂತ ಟ್ರ್ಯಾಕ್ ಮತ್ತು ಸಿಲಿಂಡರಿನಲ್ಲಿ ಲೆಕ್ಕ ಇಡುವುದೇ ಮೇಲು. ಕಾರಣ ಮುಂದೆ ತಾನಾಗಿ ಗೊತ್ತಾಗುತ್ತದೆ.

ಯಾವ ಕ್ಯಾಟಲಾಗಿನಲ್ಲಿ ಹುಡುಕಬೇಕು?

ಒಂದು ಸಿಸ್ಟಮ್‌ಗೆ ಒಂದು ಮಾಸ್ಟರ್ ಕ್ಯಾಟಲಾಗ್, ಅದರ ಕೆಳಗೆ ಹಲವು ಯೂಸರ್ ಕ್ಯಾಟಲಾಗ್‌ಗಳು. ಹೆಸರಿನ ಮೊದಲ ತುಂಡು ಮಾಸ್ಟರ್ ಕ್ಯಾಟಲಾಗಿನಲ್ಲಿ ಅಲಿಯಾಸ್ ಆಗಿ ನಮೂದಾಗಿರುತ್ತದೆ, ಆ ಅಲಿಯಾಸ್ ಯೂಸರ್ ಕ್ಯಾಟಲಾಗಿನತ್ತ ಕೈ ತೋರಿಸುತ್ತದೆ. ಟಿಎಸ್‌ಓದಲ್ಲಿ, ಅಂದರೆ ಕಮಾಂಡ್ ಟೈಪ್ ಮಾಡುವ ಪರದೆಯಲ್ಲಿ, 'ಲಿಸ್ಟ್‌ಕ್ಯಾಟ್ ಎಂಟ್ರೀಸ್(ಅಡಿಕೆ) ಆಲ್' ಎಂದು ಕೊಟ್ಟರೆ ಅಲಿಯಾಸ್ ಮತ್ತು ಅದು ತೋರಿಸುವ ಯೂಸರ್ ಕ್ಯಾಟಲಾಗಿನ ಹೆಸರು ಬರುತ್ತವೆ. ಬರೆದಿಟ್ಟುಕೊಳ್ಳಿ. ಟೆಸ್ಟ್ ಸಿಸ್ಟಮ್ ಬೇರೆ ಇದ್ದರೆ ಅಲ್ಲಿಯೂ ಇದನ್ನೇ ಮಾಡಿ; ಒಂದೇ ಅಲಿಯಾಸ್ ಎರಡು ಸಿಸ್ಟಮ್‌ಗಳಲ್ಲಿ ಎರಡು ಬೇರೆ ಕ್ಯಾಟಲಾಗ್‌ಗಳನ್ನು ತೋರಿಸುವುದು ಸಾಮಾನ್ಯ.

ಲಿಸ್ಟ್‌ಕ್ಯಾಟ್ ಓಡಿಸುವುದು

ಪರದೆಯ ಮೇಲೆ ಓಡಿಸಿದರೆ ಪುಟದ ಮೇಲೆ ಪುಟ ಬಂದು ಕೈ ಸೋಲುತ್ತದೆ. ಬ್ಯಾಚ್‌ನಲ್ಲಿ, ಅಂದರೆ ಜೆಸಿಎಲ್ ಜಾಬ್ ಆಗಿ, ಓಡಿಸಿ. ಪ್ರೋಗ್ರಾಮ್ ಐಡಿಕ್ಯಾಮ್ಸ್, ಡಿಡಿ ಸಾಲುಗಳು (ಜಾಬಿನ ಫೈಲ್‌ಗಳನ್ನು ತೋರಿಸುವವು) ಸಿಸ್‌ಪ್ರಿಂಟ್ ಮತ್ತು ಸಿಸ್‌ಇನ್. ಸಿಸ್‌ಇನ್‌ನಲ್ಲಿ ಒಂದೇ ಸಾಲು: 'ಲಿಸ್ಟ್‌ಕ್ಯಾಟ್ ಲೆವೆಲ್(ಅಡಿಕೆ) ಆಲ್'. ಈ ಸಾಲು ಎರಡನೇ ಕಾಲಮ್ಮಿನಿಂದ ಶುರುವಾಗಬೇಕು, 72ರೊಳಗೆ ಮುಗಿಯಬೇಕು. ಒಂದನೇ ಕಾಲಮ್ಮಿಗೆ ತಾಗಿಸಿ ಬರೆದು ಕಮಾಂಡ್ ಗುರುತಾಗುತ್ತಿಲ್ಲ ಎಂದು ತಲೆ ಕೆರೆದುಕೊಳ್ಳುವುದು ಹೊಸಬರಿಗೆ ಕಟ್ಟಿಟ್ಟ ಬುತ್ತಿ.

'ಲೆವೆಲ್' ಮತ್ತು 'ಎಂಟ್ರೀಸ್' ಬೇರೆ ಬೇರೆ. 'ಲೆವೆಲ್(ಅಡಿಕೆ.ದಿನ)' ಎಂದರೆ ಅದರ ಕೆಳಗೆ ಎಷ್ಟೇ ತುಂಡುಗಳಿದ್ದರೂ ಎಲ್ಲವೂ ಬರುತ್ತವೆ, ಆದರೆ ಸರಿಯಾಗಿ 'ಅಡಿಕೆ.ದಿನ' ಎಂದೇ ಹೆಸರಿರುವ ಡೇಟಾಸೆಟ್ ಬರುವುದಿಲ್ಲ. 'ಎಂಟ್ರೀಸ್(ಅಡಿಕೆ.*)' ಎಂದರೆ ನಕ್ಷತ್ರದ ಜಾಗದಲ್ಲಿ ಒಂದೇ ಒಂದು ತುಂಡು ಇರುವವು ಮಾತ್ರ. ಒಟ್ಟು ಲೆಕ್ಕಕ್ಕೆ ಲೆವೆಲ್ ಬಳಸಿ, ಒಂದೊಂದನ್ನು ಬಿಡಿಸಿ ನೋಡಲು ಎಂಟ್ರೀಸ್ ಬಳಸಿ.

ವರದಿಯ ಕೊನೆಯ ಪುಟಕ್ಕೆ ಮೊದಲು ಹೋಗಿ. ಕ್ಲಸ್ಟರ್ ಎಷ್ಟು, ಡೇಟಾ ಎಷ್ಟು, ಇಂಡೆಕ್ಸ್ ಎಷ್ಟು, ಜಿಡಿಜಿ ಎಷ್ಟು, ನಾನ್‌ವೀಸ್ಯಾಮ್ ಎಷ್ಟು ಎಂಬ ಪಟ್ಟಿ ಅಲ್ಲಿ ಇರುತ್ತದೆ. ವೀಸ್ಯಾಮ್ ಎಂದರೆ ರೆಕಾರ್ಡನ್ನು ನೇರವಾಗಿ ಹುಡುಕಲು ಬರುವ ಬಗೆಯ ಡೇಟಾಸೆಟ್, ಉಳಿದವು ನಾನ್‌ವೀಸ್ಯಾಮ್; ಜಿಡಿಜಿ ಎಂದರೆ ಒಂದೇ ಹೆಸರಿನ ಕೆಳಗೆ ಕ್ರಮವಾಗಿ ಹುಟ್ಟುವ ಜನರೇಶನ್‌ಗಳ, ಅಂದರೆ ಆವೃತ್ತಿಗಳ, ಗುಂಪು. ಮುಂದಿನ ಎಲ್ಲ ಹಂತಗಳಲ್ಲಿ ನಿಮ್ಮ ಲೆಕ್ಕ ಸರಿಹೋಯಿತೇ ಎಂದು ನೋಡಲು ಈ ಸಂಖ್ಯೆಗಳೇ ಆಧಾರ. ಒಂದು ಎಚ್ಚರಿಕೆ: ಕ್ಲಸ್ಟರ್ ಎಂಬುದು ಬರೀ ಹೆಸರು. ಜಾಗ ಹಿಡಿಯುವುದು ಅದರ ಕೆಳಗಿನ ಡೇಟಾ ಮತ್ತು ಇಂಡೆಕ್ಸ್ ಭಾಗಗಳು. ಡಿಬಿ2 ಡೇಟಾಬೇಸಿನ ಟೇಬಲ್‌ಸ್ಪೇಸ್‌ಗಳೂ ಹಾಗೆಯೇ: ಡಿಎಸ್ಎನ್‌ಡಿಬಿಸಿ ಎಂದಿರುವುದು ಕ್ಲಸ್ಟರ್, ಡಿಎಸ್ಎನ್‌ಡಿಬಿಡಿ ಎಂದಿರುವುದು ಡೇಟಾ. ಎರಡನ್ನೂ ಕೂಡಿಸಿದರೆ ಒಂದೇ ಟೇಬಲ್‌ಸ್ಪೇಸನ್ನು ಎರಡು ಬಾರಿ ಎಣಿಸಿದಂತೆ.

ವೀಸ್ಯಾಮ್: ಲೆಕ್ಕ ಇಲ್ಲಿಯೇ ಸಿಗುತ್ತದೆ

ಕ್ಯಾಟಲಾಗಿಗೆ ಎರಡು ಅಂಗ. ಹೆಸರುಗಳ ಮುಖ್ಯ ವಹಿ ಬಿಸಿಎಸ್. ಪ್ರತಿ ವಾಲ್ಯೂಮಿನ ಮೇಲೆಯೇ ಕುಳಿತಿರುವ ವಿವಿಡಿಎಸ್ ಇನ್ನೊಂದು. ವೀಸ್ಯಾಮ್ ಡೇಟಾಸೆಟ್‌ನ ವಿವರವೆಲ್ಲ ವಿವಿಡಿಎಸ್‌ನಲ್ಲಿ ಇರುತ್ತದೆ, ಲಿಸ್ಟ್‌ಕ್ಯಾಟ್ ಅದನ್ನೂ ಓದಿ ತೋರಿಸುತ್ತದೆ. ಹಾಗಾಗಿ ವೀಸ್ಯಾಮ್‌ಗೆ ಲಿಸ್ಟ್‌ಕ್ಯಾಟ್ ಒಂದೇ ಸಾಕಾಗುತ್ತದೆ.

ಸದಸ್ಯರ ಮುಖ್ಯ ಫೈಲ್ ಅಡಿಕೆ.ಸದಸ್ಯ.ಮುಖ್ಯ ಒಂದು ಕೆಎಸ್‌ಡಿಎಸ್, ಅಂದರೆ ಕೀ ಹಿಡಿದು ಹುಡುಕುವ ವೀಸ್ಯಾಮ್ ಫೈಲ್, ಎನ್ನಿ. ಅದರ ಡೇಟಾ ಭಾಗದ ಕೆಳಗೆ ಈ ಸಂಗತಿಗಳನ್ನು ಹುಡುಕಿ. ಸಿಐ-ಸೈಜ್, ಅಂದರೆ ಒಮ್ಮೆಗೆ ಓದಿ ಬರೆಯುವ ತುಂಡಾದ ಕಂಟ್ರೋಲ್ ಇಂಟರ್‌ವಲ್‌ನ ಗಾತ್ರ, 4,096. ಒಂದು ಟ್ರ್ಯಾಕಿಗೆ ಭೌತಿಕ ರೆಕಾರ್ಡ್ 12. ಇಂಥ ತುಂಡುಗಳ ಗುಂಪಾದ ಒಂದು ಕಂಟ್ರೋಲ್ ಏರಿಯಾಕ್ಕೆ 15 ಟ್ರ್ಯಾಕ್, ಅಂದರೆ 180 ಕಂಟ್ರೋಲ್ ಇಂಟರ್‌ವಲ್. ಹಾರ್ಬಾ, ಅಂದರೆ ಕಾದಿರಿಸಿದ ಜಾಗದ ಕೊನೆಯ ಅಂಚು, 7,37,28,000. ಹುರ್ಬಾ, ಅಂದರೆ ಬಳಸಿದ ಜಾಗದ ಅಂಚು, 4,42,36,800.

ಈಗ ಲೆಕ್ಕ. 4,096 ಗುಣಿಸು 180 ಎಂದರೆ 7,37,280. ಒಂದು ಕಂಟ್ರೋಲ್ ಏರಿಯಾದ ಬೈಟ್‌ಗಳು ಇಷ್ಟು. ಹಾರ್ಬಾವನ್ನು ಇದರಿಂದ ಭಾಗಿಸಿದರೆ ಸರಿಯಾಗಿ 100. ಒಂದೊಂದು ಏರಿಯಾಕ್ಕೂ 15 ಟ್ರ್ಯಾಕ್, ಆದ್ದರಿಂದ ಕಾದಿರಿಸಿದ್ದು 100 ಸಿಲಿಂಡರ್. ಹುರ್ಬಾವನ್ನು ಭಾಗಿಸಿದರೆ 60. ಅಂದರೆ ಕೊನೆಯ 40 ಸಿಲಿಂಡರ್ ಇನ್ನೂ ಮುಟ್ಟಿಲ್ಲ.

ಬೈಟ್‌ನಲ್ಲಿ ವರದಿ ಮಾಡಬೇಡಿ ಎಂದದ್ದರ ಕಾರಣ ಇಲ್ಲಿದೆ. ಡಿಸ್ಕಿನ ಲೆಕ್ಕದಲ್ಲಿ 100 ಸಿಲಿಂಡರ್ ಎಂದರೆ 8,49,96,000 ಬೈಟ್. ಹಾರ್ಬಾ ಹೇಳುವುದು 7,37,28,000. ಎರಡೂ ನಿಜ. 4,096ರ ತುಂಡುಗಳು ಒಂದು ಟ್ರ್ಯಾಕಿನಲ್ಲಿ 12 ಮಾತ್ರ ಹಿಡಿಯುತ್ತವೆ, ಅಂದರೆ 49,152 ಬೈಟ್. ಉಳಿದದ್ದು ತುಂಡು ತುಂಡುಗಳ ನಡುವಿನ ಖಾಲಿಗೆ ಹೋಗುತ್ತದೆ. ಒಬ್ಬರು ಒಂದನ್ನು, ಇನ್ನೊಬ್ಬರು ಇನ್ನೊಂದನ್ನು ಎಕ್ಸೆಲ್‌ಗೆ ಹಾಕಿದರೆ ಒಂದು ಕೋಟಿ ಬೈಟ್‌ಗೂ ಹೆಚ್ಚು ವ್ಯತ್ಯಾಸ ಹುಟ್ಟುತ್ತದೆ, ಅದನ್ನು ಹುಡುಕುತ್ತ ರಾತ್ರಿ ಕಳೆಯುತ್ತದೆ. ಸಿಲಿಂಡರ್ ಎಂದರೆ ಸಿಲಿಂಡರ್, ಅಲ್ಲಿ ವಾದವಿಲ್ಲ.

ಹುರ್ಬಾ 60 ಸಿಲಿಂಡರ್ ಎಂದ ಮಾತ್ರಕ್ಕೆ ಅಷ್ಟೂ ತುಂಬಿದೆ ಎಂದುಕೊಳ್ಳಬಾರದು. ಫ್ರೀಸ್ಪೇಸ್ ಎಂದು ಬಿಟ್ಟ ಜಾಗ, ಅಳಿಸಿದ ರೆಕಾರ್ಡುಗಳ ಜಾಗ, ತುಂಬಿದಾಗ ಎರಡಾಗಿ ಒಡೆದು, ಅಂದರೆ ಸ್ಪ್ಲಿಟ್ ಆಗಿ, ಅರ್ಧ ಖಾಲಿಯಾದ ಏರಿಯಾಗಳು ಎಲ್ಲವೂ ಆ 60ರ ಒಳಗೆ ಸೇರಿವೆ. ಒಟ್ಟು ರೆಕಾರ್ಡ್ ಸಂಖ್ಯೆಯನ್ನು ಸರಾಸರಿ ಉದ್ದದಿಂದ ಗುಣಿಸಿ ನೋಡಿ. 2,00,000 ಸದಸ್ಯರು, ತಲಾ 150 ಬೈಟ್ ಎಂದಾದರೆ 3 ಕೋಟಿ ಬೈಟ್. ಹುರ್ಬಾ 4.4 ಕೋಟಿ ದಾಟಿದೆ. ಈ ಅಂತರ ತಿಂಗಳಿಂದ ತಿಂಗಳಿಗೆ ಹೆಚ್ಚುತ್ತಿದ್ದರೆ, ಏರಿಯಾ ಸ್ಪ್ಲಿಟ್‌ಗಳ ಸಂಖ್ಯೆಯೂ ಏರುತ್ತಿದ್ದರೆ, ಫೈಲನ್ನು ಮರುಸಂಘಟಿಸುವ ಹೊತ್ತು ಬಂದಿದೆ. ಇಲ್ಲದಿದ್ದರೆ ಮುಟ್ಟಬೇಡಿ, ಸ್ಪ್ಲಿಟ್ ಕಂಡ ಕೂಡಲೇ ಮರುಸಂಘಟನೆ ಮಾಡಬೇಕೆನ್ನುವುದು ಹಳಬರ ಅತಿ ಶಿಸ್ತು.

ಇನ್ನೆರಡು ಮಾತು. ಈ ಅಂಕಿಅಂಶಗಳು ನವೀಕರಣವಾಗುವುದು ಫೈಲ್ ಮುಚ್ಚುವಾಗ. ಆನ್‌ಲೈನ್ ವ್ಯವಹಾರ ನಡೆಸುವ ಸಿಐಸಿಎಸ್ ಹಗಲೆಲ್ಲ ತೆರೆದಿಟ್ಟ ಫೈಲಿನ ಮೇಲೆ ಮಧ್ಯಾಹ್ನ ಲಿಸ್ಟ್‌ಕ್ಯಾಟ್ ಹಾಕಿದರೆ ಸಿಗುವುದು ಹಳೆಯ ಅಂಕಿ. ರಾತ್ರಿ ಫೈಲ್ ಮುಚ್ಚಿದ ಮೇಲೆ ತೆಗೆದದ್ದೇ ನಂಬಲು ಯೋಗ್ಯ. ಮತ್ತೆ, ವಾಲ್ಯೂಮ್ ಪಟ್ಟಿಯಲ್ಲಿ 'ಕ್ಯಾಂಡಿಡೇಟ್' ಎಂಬ ಗುರುತಿನೊಡನೆ ವಾಲ್ಯೂಮ್ ಹೆಸರಿನ ಜಾಗದಲ್ಲಿ ನಕ್ಷತ್ರ ಕಂಡರೆ ಅದು ಮುಂದೆ ಬೇಕಾದರೆ ಬಳಸಲು ಗೊತ್ತುಮಾಡಿದ್ದು ಅಷ್ಟೇ. ಅಲ್ಲಿ ಒಂದು ಟ್ರ್ಯಾಕೂ ಹಿಡಿದಿಲ್ಲ. 'ಪ್ರೈಮ್' ಎಂದಿರುವ ವಾಲ್ಯೂಮಿನ ಕೆಳಗೆ ಪ್ರತಿ ಎಕ್ಸ್‌ಟೆಂಟ್‌ನ, ಅಂದರೆ ಡಿಸ್ಕಿನಲ್ಲಿ ಒಟ್ಟಿಗೆ ಸಿಕ್ಕಿದ ಒಂದೊಂದು ತುಂಡಿನ, ಟ್ರ್ಯಾಕ್ ಸಂಖ್ಯೆಯೂ ಇರುತ್ತದೆ. ಭಾಗಾಕಾರದ ಮೇಲೆ ಭರವಸೆ ಇಲ್ಲದವರು ಅವನ್ನೇ ಕೂಡಿಸಿ ತಾಳೆ ನೋಡಬಹುದು. ಇಂಡೆಕ್ಸ್ ಭಾಗಕ್ಕೂ ಪ್ರತ್ಯೇಕ ಲೆಕ್ಕವಿದೆ, ಮರೆಯಬೇಡಿ.

ಉಳಿದವುಗಳಿಗೆ ವಿಟಾಕ್

ಸೀಕ್ವೆನ್ಶಿಯಲ್ ಫೈಲ್, ಒಳಗೆ ಹಲವು ಮೆಂಬರ್‌ಗಳನ್ನು ಇಡುವ ಪಿಡಿಎಸ್, ಜಿಡಿಜಿ ಜನರೇಶನ್‌ಗಳು ಕ್ಯಾಟಲಾಗಿನಲ್ಲಿ 'ನಾನ್‌ವೀಸ್ಯಾಮ್' ಎಂದು ಬರುತ್ತವೆ. ಹೆಸರು, ಸೃಷ್ಟಿಯಾದ ದಿನ, ಸ್ಟೋರೇಜ್ ಕ್ಲಾಸ್, ಮ್ಯಾನೇಜ್‌ಮೆಂಟ್ ಕ್ಲಾಸ್, ವಾಲ್ಯೂಮ್, ಡಿವೈಸ್ ಟೈಪ್ ಸಿಗುತ್ತವೆ. ಟ್ರ್ಯಾಕ್ ಲೆಕ್ಕ ಸಿಗುವುದಿಲ್ಲ. ಫೋನಿನಲ್ಲಿ ಕೇಳಿದ ಪ್ರಶ್ನೆಗೆ ಇದೇ ಉತ್ತರ.

ಡಿವೈಸ್ ಟೈಪ್ ಮೇಲೆ ಒಮ್ಮೆ ಕಣ್ಣಾಡಿಸಿ. 3010200ಎಫ್ ಎಂದಿದ್ದರೆ 3390 ಡಿಸ್ಕ್. ಎರಡೆರಡು ಅಂಕಿಯ ಜೋಡಿಗಳಾಗಿ ಓದಿದರೆ ಮೂರನೇ ಜೋಡಿ 20 ಇದ್ದದ್ದು ಡಿಸ್ಕ್, 80 ಇದ್ದದ್ದು ಟೇಪ್. ಟೇಪಿನವನ್ನು ಪಟ್ಟಿಯಿಂದ ಬೇರೆ ಮಾಡಿ. ಡಿಸ್ಕಿನ ಲೆಕ್ಕದಲ್ಲಿ ಅವಕ್ಕೆ ಕೆಲಸವಿಲ್ಲ.

ಡಿಸ್ಕಿನಲ್ಲಿ ಉಳಿದವುಗಳ ಅಳತೆ ಆಯಾ ವಾಲ್ಯೂಮಿನ ವಿಟಾಕ್‌ನಲ್ಲಿ, ಅಂದರೆ ಆ ಡಿಸ್ಕಿನದೇ ಸೂಚಿಪಟ್ಟಿಯಲ್ಲಿ, ಇದೆ. ಪ್ರತಿ ಡೇಟಾಸೆಟ್‌ಗೂ ಅಲ್ಲಿ 140 ಬೈಟ್‌ನ ಒಂದು ಚೀಟಿ ಇರುತ್ತದೆ. ಮೊದಲ ಮೂರು ಎಕ್ಸ್‌ಟೆಂಟ್ ಅದರಲ್ಲೇ, ಹೆಚ್ಚಿನವು ಅದರ ಜೊತೆಗಿನ ಇನ್ನೊಂದು ಚೀಟಿಯಲ್ಲಿ. ಸುಲಭ ದಾರಿ ಐಎಸ್‌ಪಿಎಫ್ ಮೆನುವಿನ 3.4 ಆಯ್ಕೆ. ಅಲ್ಲಿ ಡೇಟಾಸೆಟ್ ಹೆಸರು ಮಾತ್ರ ಕೊಟ್ಟರೆ ಪಟ್ಟಿ ಕ್ಯಾಟಲಾಗಿನಿಂದ ಬರುತ್ತದೆ. ವಾಲ್ಯೂಮ್ ಹೆಸರೂ ಕೊಟ್ಟರೆ ಪಟ್ಟಿ ವಿಟಾಕ್‌ನಿಂದ ಬರುತ್ತದೆ. ಈ ವ್ಯತ್ಯಾಸ ಪರದೆಯ ಮೇಲೆ ಎದ್ದು ಕಾಣುವುದಿಲ್ಲ, ಆದರೆ ತಾಳೆ ಹಾಕುವ ಹಂತದಲ್ಲಿ ಇದೇ ನಮ್ಮ ಮುಖ್ಯ ಸಾಧನ. ಬಲಕ್ಕೆ ಸರಿಸಿದರೆ ಟ್ರ್ಯಾಕ್, ಬಳಸಿದ ಶೇಕಡಾ, ಎಕ್ಸ್‌ಟೆಂಟ್ ಸಂಖ್ಯೆ ಕಾಣುತ್ತವೆ.

ಬ್ಲಾಕ್ ಸೈಜ್ ಬಗ್ಗೆ, ಅಂದರೆ ರೆಕಾರ್ಡುಗಳನ್ನು ಸೇರಿಸಿ ಒಮ್ಮೆಗೆ ಬರೆಯುವ ತುಂಡಿನ ಗಾತ್ರದ ಬಗ್ಗೆ, ಇಲ್ಲಿ ಸ್ವಲ್ಪ ನಿಲ್ಲಬೇಕು. ನಾನ್‌ವೀಸ್ಯಾಮ್ ಫೈಲ್‌ಗಳಲ್ಲಿ ವ್ಯರ್ಥವಾಗುವ ಜಾಗದ ದೊಡ್ಡ ಪಾಲು ಇದರಿಂದಲೇ. ಅಡಿಕೆ.ದಿನ.ವಹಿಯಲ್ಲಿ 80 ಬೈಟ್‌ನ ಹತ್ತು ಲಕ್ಷ ರೆಕಾರ್ಡ್ ಇದೆ ಎನ್ನಿ. ಬ್ಲಾಕ್ ಸೈಜ್ 27,920 ಇದ್ದರೆ ಒಂದು ಬ್ಲಾಕಿಗೆ 349 ರೆಕಾರ್ಡ್, ಟ್ರ್ಯಾಕಿಗೆ ಎರಡು ಬ್ಲಾಕ್, ಅಂದರೆ 698 ರೆಕಾರ್ಡ್. ಹತ್ತು ಲಕ್ಷಕ್ಕೆ 1,433 ಟ್ರ್ಯಾಕ್, 96 ಸಿಲಿಂಡರ್ ಸಾಕು. ಅದೇ ಫೈಲನ್ನು ಯಾರೋ ಹಿಂದೊಮ್ಮೆ ಬ್ಲಾಕ್ ಸೈಜ್ 80 ಎಂದು ಬರೆದುಬಿಟ್ಟಿದ್ದರೆ ಟ್ರ್ಯಾಕಿಗೆ 78 ರೆಕಾರ್ಡ್ ಮಾತ್ರ ಹಿಡಿಯುತ್ತದೆ. ಆಗ 12,821 ಟ್ರ್ಯಾಕ್, 855 ಸಿಲಿಂಡರ್. ದತ್ತಾಂಶ ಒಂದೇ, ಹಿಡಿದ ಜಾಗ ಹತ್ತಿರ ಹತ್ತಿರ ಒಂಬತ್ತು ಪಟ್ಟು! ವರದಿಯಲ್ಲಿ 'ಬಳಸಿದ್ದು 100 ಶೇಕಡಾ' ಎಂದೇ ಬರುತ್ತದೆ, ಆದ್ದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಜೆಸಿಎಲ್‌ನಲ್ಲಿ ಬ್ಲಾಕ್ ಸೈಜ್ ಸೊನ್ನೆ ಎಂದು ಬರೆದರೆ ಸಿಸ್ಟಮ್ ತಾನೇ ಒಳ್ಳೆಯದನ್ನು ಆರಿಸುತ್ತದೆ. ನನ್ನ ಮಾತು ಕೇಳುವುದಾದರೆ ಮೊದಲ ದಿನವೇ ನಿಮ್ಮ ಪಟ್ಟಿಯನ್ನು ಬ್ಲಾಕ್ ಸೈಜ್ ಪ್ರಕಾರ ವಿಂಗಡಿಸಿ, ಚಿಕ್ಕವನ್ನು ಮೇಲೆ ತನ್ನಿ.

ಪಿಡಿಎಸ್‌ನಲ್ಲಿ ಮೆಂಬರ್‌ಗಳನ್ನು ಅಳಿಸಿದರೂ ಬದಲಿಸಿದರೂ ಹಳೆಯ ಜಾಗ ಕಂಪ್ರೆಸ್ ಮಾಡುವವರೆಗೆ 'ಬಳಸಿದ್ದು' ಎಂದೇ ಉಳಿಯುತ್ತದೆ. ಹಾಗೆಯೇ ಮಾಮೂಲಿ ಸೀಕ್ವೆನ್ಶಿಯಲ್ ಫೈಲಿಗೂ ಪಿಡಿಎಸ್‌ಗೂ ಒಂದು ವಾಲ್ಯೂಮಿನಲ್ಲಿ 16 ಎಕ್ಸ್‌ಟೆಂಟ್ ಮಿತಿ. 14, 15 ಕಾಣುತ್ತಿದ್ದರೆ ಮುಂದಿನ ದೊಡ್ಡ ಓಟದಲ್ಲಿ ಬಿ37 ಅಬೆಂಡ್, ಅಂದರೆ ಜಾಗ ಸಾಲದೆ ಜಾಬ್ ನಡುವೆ ನಿಲ್ಲುವುದು, ಕಾದಿದೆ ಎಂದೇ ತಿಳಿಯಿರಿ.

'ಮಿಗ್ರಾಟ್' ಎಂದು ಕಂಡರೆ

ವಾಲ್ಯೂಮ್ ಜಾಗದಲ್ಲಿ ಮಿಗ್ರಾಟ್ ಎಂದಿದ್ದರೆ ಬಳಸದ ಡೇಟಾಸೆಟ್‌ಗಳನ್ನು ಸರಿಸಿಡುವ ಎಚ್‌ಎಸ್‌ಎಂ ಎಂಬ ವ್ಯವಸ್ಥೆ ಅದನ್ನು ಎತ್ತಿ ಬೇರೆಡೆ ಇಟ್ಟಿದೆ. 3.4ರ ಪಟ್ಟಿಯಲ್ಲಿ ಮಿಗ್ರಾಟ್1 ಎಂದರೆ ಇನ್ನೊಂದು ಡಿಸ್ಕಿಗೆ, ಮಿಗ್ರಾಟ್2 ಎಂದರೆ ಟೇಪಿಗೆ. ಇವುಗಳ ಗಾತ್ರ ವಿಟಾಕ್‌ನಲ್ಲಿ ಹುಡುಕಿದರೆ ಸಿಗದು. ಎಚ್‌ಎಸ್‌ಎಂನ ಎಂಸಿಡಿಎಸ್ ಎಂಬ ಸ್ವಂತ ವಹಿಯಲ್ಲಿದೆ, ಎಚ್‌ಲಿಸ್ಟ್ ಕಮಾಂಡಿನಿಂದ ನೋಡಬಹುದು. ಗಾತ್ರ ತಿಳಿಯಲೆಂದು ಅದನ್ನು ಬ್ರೌಸ್ ಮಾಡಬೇಡಿ. ಬ್ರೌಸ್ ಮಾಡಿದರೆ ಅದು ವಾಪಸು ಬಂದು ಮುಖ್ಯ ಡಿಸ್ಕಿನಲ್ಲಿ ಕೂರುತ್ತದೆ. ಅಳೆಯಲು ಹೋದವರೇ ಜಾಗ ತುಂಬಿಸಿದಂತಾಗುತ್ತದೆ.

ಕೈಕೆಲಸ ಬಿಟ್ಟು ರೆಕ್ಸ್‌ಗೆ

ಹತ್ತಿಪ್ಪತ್ತು ಡೇಟಾಸೆಟ್‌ಗೆ ಕಣ್ಣು ಸಾಕು, ಸಾವಿರಕ್ಕೆ ಸಾಲದು. ಅಲ್ಲಿ ರೆಕ್ಸ್ ಎಂಬ ಸ್ಕ್ರಿಪ್ಟ್ ಭಾಷೆ ಬೇಕು. ಪಟ್ಟಿ ಪಡೆಯಲು ಸಿಎಸ್‌ಐ, ಅಂದರೆ ಕ್ಯಾಟಲಾಗ್ ಹುಡುಕುವ ಇಂಟರ್‌ಫೇಸ್ ಇದೆ. ಅದರ ಪ್ರೋಗ್ರಾಮ್ ಹೆಸರು ಐಜಿಜಿಸಿಎಸ್‌ಐ00. ಲಿಸ್ಟ್‌ಕ್ಯಾಟ್ ಮುದ್ರಿಸಿದ ಸಾಲುಗಳನ್ನು ಕತ್ತರಿಸಿ ಓದುವ ರೆಕ್ಸ್ ಬರೆಯುವವರನ್ನು ಈಗಲೂ ನೋಡುತ್ತೇನೆ. ಅದು ಬೇಡ. ಮುದ್ರಣದ ರೂಪ ಚೂರು ಬದಲಾದರೆ ಲೆಕ್ಕ ತಪ್ಪುತ್ತದೆ, ತಪ್ಪಿದ್ದು ಗೊತ್ತೂ ಆಗುವುದಿಲ್ಲ. ಸಿಎಸ್‌ಐ ನಿಗದಿತ ಜಾಗದಲ್ಲಿ ನಿಗದಿತ ಉದ್ದದ ಉತ್ತರ ಕೊಡುತ್ತದೆ.

ಸೊನ್ನೆಯಿಂದ ಬರೆಯಬೇಕಾಗಿಯೂ ಇಲ್ಲ. ಸಿಸ್1.ಸ್ಯಾಂಪ್‌ಲಿಬ್‌ನಲ್ಲಿ ನಾಲ್ಕು ಮಾದರಿಗಳಿವೆ. ಹೆಸರಿನ ಕೊನೆಯ ಎರಡಕ್ಷರ ನೋಡಿ: ಆರ್‌ಎಕ್ಸ್ ಎಂದಿರುವುದು ರೆಕ್ಸ್ ಮಾದರಿ, ಎಲ್‌ಕೆ ಲಿಸ್ಟ್‌ಕ್ಯಾಟ್‌ನಂಥ ಪಟ್ಟಿ ಕೊಡುತ್ತದೆ, ವಿಎಸ್ ಒಂದು ವಾಲ್ಯೂಮಿಗೆ ಸೇರಿದ ಹೆಸರುಗಳನ್ನು ಕೊಡುತ್ತದೆ, ವಿಜಿ ವೀಸ್ಯಾಮ್ ಡೇಟಾಸೆಟ್‌ಗಳ ತುದಿಯಲ್ಲಿ ಬಳಸದೆ ಉಳಿದ ಜಾಗವನ್ನು ಹುಡುಕುತ್ತದೆ. ಕೊನೆಯದು ನಮ್ಮ 40 ಸಿಲಿಂಡರಿನ ಲೆಕ್ಕವೇ. ರೆಕ್ಸ್ ಮಾದರಿಯನ್ನು ನಿಮ್ಮ ಲೈಬ್ರರಿಗೆ ನಕಲು ಮಾಡಿ ತಿದ್ದಿಕೊಳ್ಳಿ.

ತಿದ್ದಬೇಕಾದವು ಇಷ್ಟು. ಹುಡುಕುವ ಹೆಸರನ್ನು 'ಅಡಿಕೆ.**' ಎಂದು ಕೊಡಿ. ಇಲ್ಲಿ ಒಂದು ನಕ್ಷತ್ರ ಒಂದು ತುಂಡಿಗೆ, ಎರಡು ನಕ್ಷತ್ರ ಎಷ್ಟು ತುಂಡಿಗಾದರೂ. ಬೇಕಾದ ಬಗೆಗಳನ್ನು ಅಕ್ಷರದಿಂದ ಆರಿಸಿ: ಎ ನಾನ್‌ವೀಸ್ಯಾಮ್, ಎಚ್ ಜಿಡಿಜಿಯ ಜನರೇಶನ್, ಡಿ ಡೇಟಾ, ಐ ಇಂಡೆಕ್ಸ್. ಕ್ಲಸ್ಟರ್, ಅಲಿಯಾಸ್, ಪಾತ್ ಇವು ಜಾಗ ಹಿಡಿಯುವುದಿಲ್ಲ, ಕೂಡಿಸಬೇಡಿ. ಕೇಳಬೇಕಾದ ಫೀಲ್ಡುಗಳು ವಾಲ್ಯೂಮ್, ಡಿವೈಸ್ ಟೈಪ್, ಹಾರ್ಬಾಡಿಎಸ್, ಹುರ್ಬಾಡಿಎಸ್. ಉತ್ತರ ತುಂಬಿಸುವ ಜಾಗ ಸಾಲದಿದ್ದರೆ ಸಿಎಸ್‌ಐ 'ಇನ್ನೂ ಇದೆ' ಎಂಬ ಗುರುತು ಇಟ್ಟು ವಾಪಸಾಗುತ್ತದೆ. ಆ ಗುರುತು ಇರುವವರೆಗೂ ಮತ್ತೆ ಮತ್ತೆ ಕರೆಯಬೇಕು. ಇದನ್ನು ಬಿಟ್ಟರೆ ಟೆಸ್ಟ್‌ನಲ್ಲಿ ಎಲ್ಲವೂ ಸರಿಯಾಗಿ ಬಂದು, ಪ್ರೊಡಕ್ಷನ್‌ನಲ್ಲಿ ಪಟ್ಟಿ ನಡುವೆ ತುಂಡಾಗುತ್ತದೆ.

ನಾನ್‌ವೀಸ್ಯಾಮ್ ಅಳತೆಗೆ ರೆಕ್ಸ್‌ನ ಲಿಸ್ಟ್‌ಡಿಎಸ್‌ಐ. ಹೆಸರಿನ ಜೊತೆಗೆ 'ನೋರಿಕಾಲ್' ಎಂದು ಕೊಡಲೇಬೇಕು. ಏನೂ ಕೊಡದಿದ್ದರೆ ಡಿಸ್ಕಿಗೆ ಮಿಗ್ರೇಟ್ ಆದವನ್ನು ಅದು ವಾಪಸು ಕರೆಸುತ್ತದೆ. 'ನೋಡೈರೆಕ್ಟರಿ' ಕೊಟ್ಟರೆ ಪಿಡಿಎಸ್‌ನ ಡೈರೆಕ್ಟರಿ ಓದುವ ಸಮಯ ಉಳಿಯುತ್ತದೆ. ಸಿಸ್‌ಅಲಾಕ್, ಸಿಸ್‌ಯೂಸ್ಡ್, ಸಿಸ್‌ಯೂನಿಟ್ಸ್, ಸಿಸ್‌ಎಕ್ಸ್‌ಟೆಂಟ್ಸ್ ಎಂಬ ವೇರಿಯಬಲ್‌ಗಳಲ್ಲಿ ಉತ್ತರ ಬರುತ್ತದೆ. ಸಿಸ್‌ಯೂನಿಟ್ಸ್ ನೋಡದೆ ಕೂಡಿಸಬೇಡಿ: ಒಂದಕ್ಕೆ ಟ್ರ್ಯಾಕ್, ಇನ್ನೊಂದಕ್ಕೆ ಸಿಲಿಂಡರ್, ಮತ್ತೊಂದಕ್ಕೆ ಬ್ಲಾಕ್ ಇರುತ್ತದೆ. ಎಲ್ಲವನ್ನೂ ಟ್ರ್ಯಾಕಿಗೆ ತಂದು ಆಮೇಲೆ ಕೂಡಿಸಿ. ಪಿಡಿಎಸ್‌ನ ಹೊಸ ರೂಪವಾದ ಪಿಡಿಎಸ್‌ಇ ಆದರೆ ಸಿಸ್‌ಯೂಸ್ಡ್‌ನಲ್ಲಿ ಸಂಖ್ಯೆಯ ಬದಲು 'ಎನ್/ಎ' ಎಂದು ಬರುತ್ತದೆ. ಕೂಡಿಸಲು ಹೋದರೆ ರೆಕ್ಸ್ ಅಲ್ಲಿಯೇ ನಿಲ್ಲುತ್ತದೆ, ಆದ್ದರಿಂದ ಡೇಟಾಟೈಪ್ ಫಂಕ್ಷನ್‌ನಿಂದ ಸಂಖ್ಯೆಯೇ ಎಂದು ಮೊದಲು ಪರೀಕ್ಷಿಸಿ. ಹಲವು ವಾಲ್ಯೂಮ್‌ಗಳಿಗೆ ಹರಡಿದ ಡೇಟಾಸೆಟ್ ಇದ್ದರೆ ಪ್ರತ್ಯೇಕವಾಗಿ ಕೇಳದ ಹೊರತು ಮೊದಲ ವಾಲ್ಯೂಮಿನ ಲೆಕ್ಕ ಮಾತ್ರ ಸಿಗುತ್ತದೆ. ದೊಡ್ಡ ಫೈಲ್‌ಗಳೇ ಹೀಗೆ ಹರಡುವುದರಿಂದ ಈ ಒಂದು ಸಂಗತಿ ಬಿಟ್ಟುಹೋದರೆ ಇಡೀ ವರದಿ ಪೊಳ್ಳು.

ತಿರುಗಿ ಬಂದು ತಾಳೆ ಹಾಕುವುದು

ಇಲ್ಲಿಯವರೆಗೆ ಕ್ಯಾಟಲಾಗಿನಿಂದ ಡಿಸ್ಕಿಗೆ ಬಂದೆವು. ಡಿಸ್ಕಿನಿಂದ ಕ್ಯಾಟಲಾಗಿಗೂ ಒಮ್ಮೆ ನಡೆಯಬೇಕು. ನಿಮ್ಮ ವಾಲ್ಯೂಮ್‌ಗಳ ವಿಟಾಕ್ ಪಟ್ಟಿಯನ್ನು 3.4ರಿಂದಲೋ ಐಇಎಚ್‌ಲಿಸ್ಟ್ ಪ್ರೋಗ್ರಾಮಿನಿಂದಲೋ ತೆಗೆದು, ಸಿಎಸ್‌ಐ ಪಟ್ಟಿಯ ಪಕ್ಕ ಇಟ್ಟು ಹೆಸರು ಹೆಸರಿಗೆ ಹೋಲಿಸಿ.

ಕ್ಯಾಟಲಾಗಿನಲ್ಲಿದ್ದು ವಿಟಾಕ್‌ನಲ್ಲಿ ಇಲ್ಲದವು ಬರೀ ಹೆಸರುಗಳು. ಜಾಗ ಹಿಡಿದಿಲ್ಲ, ಆದರೆ ನಿಮ್ಮ ಡೇಟಾಸೆಟ್ ಸಂಖ್ಯೆಯನ್ನು ಉಬ್ಬಿಸುತ್ತವೆ. ಅದಕ್ಕಿಂತ ದುಬಾರಿ ವಿಟಾಕ್‌ನಲ್ಲಿದ್ದು ಕ್ಯಾಟಲಾಗಿನಲ್ಲಿ ಇಲ್ಲದವು: ಯಾರ ವರದಿಯಲ್ಲಿಯೂ ಬರುವುದಿಲ್ಲ, ಯಾರೂ ಕೇಳುವುದಿಲ್ಲ, ಜಾಗ ಮಾತ್ರ ಹಿಡಿದಿರುತ್ತವೆ. ಸ್ಟೋರೇಜನ್ನು ಸಿಸ್ಟಮ್ ತಾನೇ ನೋಡಿಕೊಳ್ಳುವ ಎಸ್‌ಎಂಎಸ್ ಆಡಳಿತದ ವಾಲ್ಯೂಮ್‌ಗಳಲ್ಲಿ ಇವು ಅಪರೂಪ, ಏಕೆಂದರೆ ಅಲ್ಲಿ ಕ್ಯಾಟಲಾಗ್ ಆಗದ ಡೇಟಾಸೆಟ್‌ಗೆ ಪ್ರವೇಶವಿಲ್ಲ. ಎಸ್‌ಎಂಎಸ್ ಇಲ್ಲದ ಹಳೆಯ ವಾಲ್ಯೂಮ್‌ಗಳಲ್ಲಿ ಧಾರಾಳವಾಗಿ ಸಿಗುತ್ತವೆ. ಮುಖ್ಯ ಕಾರಣ ಜಿಡಿಜಿ. ಬೇಸ್ ರಚಿಸುವಾಗ 'ಸ್ಕ್ರ್ಯಾಚ್' ಎಂದು ಬರೆಯದಿದ್ದರೆ ಐಡಿಕ್ಯಾಮ್ಸ್ 'ನೋಸ್ಕ್ರ್ಯಾಚ್' ಎಂದೇ ಹಿಡಿಯುತ್ತದೆ. ಆಗ ಮಿತಿ ಮೀರಿದ ಹಳೆಯ ಜನರೇಶನ್ ಕ್ಯಾಟಲಾಗಿನಿಂದ ಹೊರಬೀಳುತ್ತದೆ, ಡಿಸ್ಕಿನಿಂದ ಹೋಗುವುದಿಲ್ಲ. ಮಿತಿ 255ರ ವರೆಗೆ ಇರಬಹುದು, ಝಡ್‌ಓಎಸ್ 2.2ರಿಂದ ಬಂದ ವಿಸ್ತೃತ ಜಿಡಿಜಿಗೆ 999ರ ವರೆಗೆ. ದಿನಕ್ಕೊಂದು ಜನರೇಶನ್ ಹುಟ್ಟುವ ಕಡೆ ಹೀಗೆ ಉಳಿದವು ವರ್ಷಗಟ್ಟಲೆ ರಾಶಿ ಬೀಳುತ್ತವೆ.

ಕಂಡ ಕೂಡಲೇ ಅಳಿಸುವ ಉತ್ಸಾಹ ಬೇಡ. ಆ ಡಿಸ್ಕನ್ನು ಇನ್ನೊಂದು ಸಿಸ್ಟಮ್ ಕೂಡ ಹಂಚಿಕೊಂಡಿದ್ದರೆ, ಇಲ್ಲಿ ಕ್ಯಾಟಲಾಗ್ ಇಲ್ಲದ ಡೇಟಾಸೆಟ್ ಅಲ್ಲಿನ ಕ್ಯಾಟಲಾಗಿನಲ್ಲಿ ಜೀವಂತವಾಗಿರಬಹುದು. ದಿನಾಂಕ ಮತ್ತು ಸಮಯ ಹೊತ್ತು 'ಸಿಸ್' ಎಂದು ಶುರುವಾಗುವ ಹೆಸರುಗಳು ಈ ಕ್ಷಣ ಓಡುತ್ತಿರುವ ಜಾಬಿನ ತಾತ್ಕಾಲಿಕ ಫೈಲ್‌ಗಳಾಗಿರಬಹುದು. ಪಟ್ಟಿ ಮಾಡಿ, ಕೊನೆಯ ಬಾರಿ ಬಳಸಿದ ದಿನಾಂಕ ಹಾಕಿ, ಸ್ಟೋರೇಜ್ ತಂಡಕ್ಕೆ ಒಪ್ಪಿಸಿ. ಕ್ಯಾಟಲಾಗಿಗೂ ವಿವಿಡಿಎಸ್‌ಗೂ ಹೊಂದಿಕೆ ತಪ್ಪಿದೆಯೇ ಎಂದು ನೋಡಲು ಐಡಿಕ್ಯಾಮ್ಸ್‌ನ ಡಯಾಗ್ನೋಸ್ ಕಮಾಂಡ್ ಇದೆ. ಅದು ಓದುತ್ತದೆ ಅಷ್ಟೇ, ಏನನ್ನೂ ಬದಲಿಸುವುದಿಲ್ಲ. ತಿದ್ದುವ ಕಮಾಂಡುಗಳ ಹತ್ತಿರ ಹೊಸಬರು ಸುಳಿಯಬಾರದು.

ಒಂದು ದಿನದ ಚಿತ್ರದಿಂದ ದಿನದಿನದ ಲೆಕ್ಕಕ್ಕೆ

ಇಂದು 3,000 ಸಿಲಿಂಡರ್ ಎಂದು ತಿಳಿದರೆ ಸಾಲದು. ಹೋದ ತಿಂಗಳು ಎಷ್ಟಿತ್ತು ಎಂಬುದೇ ಮೇಲಿನವರ ಮುಂದಿನ ಪ್ರಶ್ನೆ. ಇದಕ್ಕೆ ಐಡಿಕ್ಯಾಮ್ಸ್‌ನ ಡಿಕಲೆಕ್ಟ್ ಕಮಾಂಡ್. ಅದು ಕ್ಯಾಟಲಾಗನ್ನು ಕೇಳದೆ ನೇರವಾಗಿ ವಾಲ್ಯೂಮ್‌ಗಳ ವಿಟಾಕ್ ಮತ್ತು ವಿವಿಡಿಎಸ್ ಓದಿ ಫೈಲಿಗೆ ಬರೆಯುತ್ತದೆ. ಡಿ ಬಗೆಯ ರೆಕಾರ್ಡ್ ಸಕ್ರಿಯ ಡೇಟಾಸೆಟ್‌ಗೆ, ಎ ವೀಸ್ಯಾಮ್ ವಿವರಕ್ಕೆ, ವಿ ವಾಲ್ಯೂಮಿಗೆ, ಎಂ ಮಿಗ್ರೇಟ್ ಆದವಕ್ಕೆ, ಬಿ ಬ್ಯಾಕಪ್‌ಗೆ. ಎಂ ಬೇಕಿದ್ದರೆ ಎಂಸಿಡಿಎಸ್ ಅನ್ನು ಡಿಡಿ ಸಾಲಿನಲ್ಲಿ ತೋರಿಸಬೇಕು.

ರೆಕಾರ್ಡಿನ ರಚನೆ ಸಿಸ್1.ಮ್ಯಾಕ್‌ಲಿಬ್‌ನ ಐಡಿಸಿಡೌಟ್ ಎಂಬ ಮ್ಯಾಕ್ರೋದಲ್ಲಿದೆ. ವಿಂಗಡಿಸುವ ಪ್ರೋಗ್ರಾಮ್ ಡಿಎಫ್‌ಸಾರ್ಟ್‌ನಲ್ಲಿ ಎಣಿಸುವಾಗ ಮೊದಲ 4 ಬೈಟ್ ಉದ್ದದ ಗುರುತಿಗೆ ಹೋಗುತ್ತದೆ. ರೆಕಾರ್ಡಿನ ಬಗೆ 5ನೇ ಸ್ಥಾನದಿಂದ, ಡಿ ರೆಕಾರ್ಡಿನಲ್ಲಿ ಡೇಟಾಸೆಟ್ ಹೆಸರು 25ನೇ ಸ್ಥಾನದಿಂದ 44 ಅಕ್ಷರ. ಡಿ ಬಗೆಯವನ್ನು ಮಾತ್ರ ಸೋಸಿ, ಹೆಸರಿನ ಮೊದಲೆರಡು ತುಂಡುಗಳ ಮೇಲೆ ಗುಂಪು ಮಾಡಿ, ಕಾದಿರಿಸಿದ ಜಾಗವನ್ನು ಡಿಎಫ್‌ಸಾರ್ಟ್ ಜೊತೆಗಿನ ಐಸ್‌ಟೂಲ್‌ನಲ್ಲಿ ಕೂಡಿಸಿದರೆ ಪ್ರತಿ ಅಪ್ಲಿಕೇಶನ್‌ಗೆ ಒಂದು ಸಾಲು ಸಿಗುತ್ತದೆ. ಸಂಖ್ಯೆಗಳು ಕಿಲೋಬೈಟ್‌ನಲ್ಲಿರುತ್ತವೆ, ಸಿಲಿಂಡರಿಗೆ ತರಲು 830ರಿಂದ ಭಾಗಿಸಿ. ಹಲವು ವಾಲ್ಯೂಮ್‌ಗಳ ಡೇಟಾಸೆಟ್‌ಗೆ ಪ್ರತಿ ವಾಲ್ಯೂಮಿಗೂ ಒಂದೊಂದು ಡಿ ರೆಕಾರ್ಡ್ ಬರುತ್ತದೆ. ಜಾಗದ ಮೊತ್ತಕ್ಕೆ ಅದು ಸರಿ, ಡೇಟಾಸೆಟ್‌ಗಳನ್ನು ಎಣಿಸುವಾಗ ಮಾತ್ರ ಹೆಸರು ಎರಡೆರಡು ಬಾರಿ ಸೇರದಂತೆ ನೋಡಿಕೊಳ್ಳಿ.

ಒಂದು ಸಾಲು ಹಠಾತ್ತನೆ ಏರಿದರೆ ಯಾರ ಕೆಲಸ ಎಂದು ತಿಳಿಯಲು ಎಸ್‌ಎಂಎಫ್ ರೆಕಾರ್ಡ್‌ಗಳನ್ನು, ಅಂದರೆ ಸಿಸ್ಟಮ್ ತಾನೇ ಬರೆದಿಡುವ ಚಟುವಟಿಕೆಯ ದಾಖಲೆಗಳನ್ನು, ಕೇಳಿ. ಕ್ಯಾಟಲಾಗಿನಲ್ಲಿ ಹೊಸ ನಮೂದು ಬಂದದ್ದು ರೆಕಾರ್ಡ್ ಬಗೆ 61ರಲ್ಲಿ, ಅಳಿಸಿದ್ದು 65ರಲ್ಲಿ, ಬದಲಿಸಿದ್ದು 66ರಲ್ಲಿ ದಾಖಲಾಗುತ್ತದೆ. ಜಾಬಿನ ಹೆಸರು, ಸಮಯ ಎರಡೂ ಅದರಲ್ಲಿವೆ.

ಡಿಕಲೆಕ್ಟ್ ಜಾಬ್ ಯಾವ ಹೊತ್ತಿಗೆ ಓಡಬೇಕೆಂದು ಶೆಡ್ಯೂಲರ್‌ನವರು ಕೇಳುತ್ತಾರೆ. ಎಚ್‌ಎಸ್‌ಎಂನ ರಾತ್ರಿಯ ಕೆಲಸ ಮುಗಿದ ಮೇಲೆ ಎನ್ನಿ. ಅದು ಓಡುತ್ತಿರುವಾಗಲೇ ತೆಗೆದರೆ, ಆಗಷ್ಟೇ ಮಿಗ್ರೇಟ್ ಆದ ಡೇಟಾಸೆಟ್ ಡಿ ರೆಕಾರ್ಡಿನಲ್ಲಿಯೂ ಎಂ ರೆಕಾರ್ಡಿನಲ್ಲಿಯೂ ಸಿಕ್ಕಿ ಒಂದೇ ಫೈಲ್ ಎರಡು ಕಡೆ ಲೆಕ್ಕಕ್ಕೆ ಸೇರುತ್ತದೆ.